ಏನಾದ್ರೂ ಕೊಡಿ, ಪರ್ವಾಗಿಲ್ಲ!

ಪೈಥಾನ್ ಕಲಿಯೋಕೆ ಶುರು ಮಾಡಿದ್ದೀರಂತೆ? ಎರಡು ಸಂಖ್ಯೆ ಕೂಡಿಸೋ ಫಂಕ್ಷನ್ ಬರೆದು ಮೀಸೆ ತಿರುವಿಕೊಂಡ್ರಂತೆ? (ಮೀಸೆ ಇಲ್ಲದವರು ಜಡೆ ಹಿಂದಕ್ಕೆ ಹಾಕ್ಕೊಂಡಿರ್ತೀರಿ, ಎಲ್ಲ ಒಂದೇ.) ಇನ್‌ಪುಟ್ ಕೇಳ್ತು, 25 ಹೊಡೆದ್ರಿ. ಮತ್ತೆ ಕೇಳ್ತು, ಮತ್ತೆ 25. ಉತ್ತರ ಬಂತು ನೋಡಿ: 2525! ಕಂಪ್ಯೂಟರಿಗೆ ಮಗ್ಗಿ ಬರಲ್ಲ ಅಂತ ಬೈದ್ರಿ ತಾನೆ?

ಪಾಪ, ಅದರದ್ದೇನ್ರೀ ತಪ್ಪು? ಪೈಥಾನಿನ ಇನ್‌ಪುಟ್ ಏನೇ ತಂದ್ರೂ ಸ್ಟ್ರಿಂಗ್ ಮಾಡೇ ತರೋದು. ಸ್ಟ್ರಿಂಗ್‌ಗಳನ್ನ ಕೂಡಿಸು ಅಂದ್ರೆ ಪಕ್ಕಪಕ್ಕ ಅಂಟಿಸುತ್ತೆ. ನಿಮಗೆ ನಂಬರ್ ಬೇಕು ಅಂತ ನೀವು ಯಾವಾಗ ಹೇಳಿದ್ರಿ? ಮನಸ್ಸಲ್ಲೇ ಅಂದುಕೊಂಡ್ರಿ, ಅಷ್ಟೇ.

ಇದು ನಿಮ್ಮ ಹಳೇ ಚಾಳಿ. ನೆಂಟರ ಮನೇಲಿ "ಕಾಫಿನೋ ಟೀನೋ?" ಅಂದ್ರೆ "ಅಯ್ಯೋ, ಏನಾದ್ರೂ ಆಗುತ್ತೆ" ಅಂತೀರಿ. ಬಾದಾಮಿ ಹಾಲು ಬಂದ್ರೆ ಮುಖ ಹುಳ್ಳಗೆ ಮಾಡ್ತೀರಿ. ನಿಮ್ಮ ಫಂಕ್ಷನ್ನೂ ನಿಮ್ಮ ಹಾಗೇ: ಬಂದದ್ದಕ್ಕೆಲ್ಲ "ಬನ್ನಿ ಬನ್ನಿ", ಹದಿನೇಳನೇ ಸಾಲಿಗೆ ಹೋಗಿ ರಂಪ.

ಇಂಟ್ ಅನ್ನೋ ಫಂಕ್ಷನ್ ನೋಡಿ ಕಲೀರಿ. "೨೫" ಅಂತ ಕನ್ನಡ ಅಂಕಿ ಕೊಟ್ರೂ 25 ಅಂತ ಓದುತ್ತೆ (ನಂಬಿಕೆ ಇಲ್ವಾ? ಹೊಡೆದು ನೋಡಿ). "ಇಪ್ಪತ್ತೈದು" ಅಂತ ಬರೆದು ಕೊಡಿ, ತಕ್ಷಣ ವ್ಯಾಲ್ಯೂಎರರ್. ದಾಕ್ಷಿಣ್ಯವೇ ಇಲ್ಲ!

ಸರಿ, ಎಸ್ಸೆಸ್ಸೆಲ್ಸಿ ಅಂಕದ ಸರಾಸರಿ ತೆಗೆಯೋ ಫಂಕ್ಷನ್ ಬರೀರಿ ನೋಡೋಣ. ಈಗ ನೀವು ಜಾಣರು. "ಅಂಕ 0ಯಿಂದ 100ರೊಳಗೆ ಇರಬೇಕು, ಇಲ್ಲಾಂದ್ರೆ ಎರರ್" ಅಂತ ಕಾವಲು ಹಾಕಿದ್ರಿ. ಭೇಷ್! ಕನ್ನಡದಲ್ಲಿ 121 ತಗೊಂಡ ಹುಡುಗಿ ಹೊರಗೇ ನಿಂತಳು. 625ಕ್ಕೆ 625 ಅಂತ ಪೇಪರಲ್ಲಿ ಫೋಟೋ ನೋಡಿದ್ದೀರಲ್ಲ, ಆರು ವಿಷಯಕ್ಕೆ ಆ 25 ಎಲ್ಲಿಂದ ಬಂತು ಅಂತ ಕೇಳ್ಕೊಂಡ್ರಾ? ಪ್ರಥಮ ಭಾಷೆಗೆ 125 ರೀ! ಅಂಕದ ಜತೆಗೆ ಗರಿಷ್ಠ ಅಂಕವನ್ನೂ ಕೇಳಿ ಇಸ್ಕೋಬೇಕಿತ್ತು.

ಮುಗೀತಾ? ಗಣಿತದ ದಿನ ಜ್ವರ ಬಂದ ಹುಡುಗನ ಕಾಲಂನಲ್ಲಿ "ಗೈರು" ಅಂತಿದೆ. ಸೊನ್ನೆ ಅಂತೀರಾ? ಸರಾಸರಿ ಪಾತಾಳಕ್ಕೆ. ಬಿಟ್ಟುಬಿಡ್ತೀರಾ? ಹಾಗಾದ್ರೆ ಕಷ್ಟದ ಪರೀಕ್ಷೆಗೆ ಚಕ್ಕರ್ ಹೊಡೆದವನೇ ಜಾಣ. ಪಟ್ಟಿಯೇ ಖಾಲಿ ಇದ್ರೆ ಸೊನ್ನೆಯಿಂದ ಭಾಗಿಸೋಕೆ ಹೋಗಿ ಪ್ರೋಗ್ರಾಂ ಮಗುಚಿಕೊಳ್ಳುತ್ತೆ.

ಇದ್ಯಾವುದನ್ನೂ ಪೈಥಾನ್ ತೀರ್ಮಾನ ಮಾಡಲ್ಲ ಸ್ವಾಮಿ. ಮೇಷ್ಟ್ರನ್ನ ಕೇಳಿ, ಡೆಫ್ ಸಾಲಿನ ಕೆಳಗೆ ಡಾಕ್‌ಸ್ಟ್ರಿಂಗ್‌ನಲ್ಲಿ ನೀವೇ ಬರೀಬೇಕು. (ಅಲ್ಲಿ ಸದ್ಯಕ್ಕೆ ಏನು ಬರೆದಿದ್ದೀರಿ? "ಇದು ಸರಾಸರಿ ತೆಗೆಯುತ್ತದೆ." ಆಹಾ, ಹೇಳದಿದ್ರೆ ಗೊತ್ತೇ ಆಗ್ತಿರಲಿಲ್ಲ!)

ಸ್ವಲ್ಪ ಹತ್ರ ಬನ್ನಿ, ಯಾರಿಗೂ ಹೇಳಲ್ಲ. ಎರರ್ ಬಂತು ಅಂತ ಟ್ರೈ ಹಾಕಿ, ಎಕ್ಸೆಪ್ಟ್ ಹಾಕಿ, ಮೆಲ್ಲಗೆ "ರಿಟರ್ನ್ 0" ಅಂತ ಬರೆದ್ರಿ ಅಲ್ವಾ? ಕೆಂಪು ಅಕ್ಷರ ಮಾಯ, ನಿಮಗೆ ನಿದ್ದೆ. ಆ ಸೊನ್ನೆ ಮಾತ್ರ ಸದ್ದಿಲ್ಲದೆ ಫೇಲಾದವರ ಪಟ್ಟಿಗೆ ಹೋಗಿ ಕೂತಿದೆ. ಆಮೇಲೆ ನೀವು ರಿಪೋರ್ಟ್ ಪ್ರಿಂಟ್ ಮಾಡೋ ಫಂಕ್ಷನ್ನಿನಲ್ಲಿ ತಪ್ಪು ಹುಡುಕ್ತಾ ತಲೆ ಕೆರ್ಕೊಳ್ತೀರಿ. ಆವತ್ತೇ ಕೂಗಾಡೋಕೆ ಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು?

"ನಾನು ಟೈಪ್ ಹಿಂಟ್ ಹಾಕಿದ್ದೀನಲ್ಲ" ಅಂತೀರಾ? 2015ರ ಪೈಥಾನ್ 3.5ರಲ್ಲಿ ಬಂತು, ಒಳ್ಳೇದೇ. ಆದ್ರೆ ಫ್ಲೋಟ್ ಅಂತ ಬರೆದ ಕಡೆ ಸ್ಟ್ರಿಂಗ್ ತುರುಕಿದ್ರೂ ಓಡುವಾಗ ಪೈಥಾನ್ ಆ ಹಿಂಟ್ ಕಡೆ ತಿರುಗಿಯೂ ನೋಡಲ್ಲ (ಹಿಂಟ್ ತಪಾಸಣೆಗೆ ಮೈಪೈ ತರದ್ದನ್ನ ಬೇರೆಯಾಗಿ ಓಡಿಸಬೇಕು). ಬರೆದಿಟ್ರಷ್ಟೇ ಸಾಲಲ್ಲ: ನಾಸಾದವರೂ ತಮ್ಮ ನೌಕೆಯ ನೂಕುಬಲದ ಅಂಕಿಯನ್ನ ನ್ಯೂಟನ್ ಲೆಕ್ಕದಲ್ಲೇ ಕೊಡಬೇಕು ಅಂತ ಬರೆದಿಟ್ಟಿದ್ರು. ಭೂಮಿ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಡ್ತು, ಇನ್ನೊಂದು ಕಮಕ್ ಕಿಮಕ್ ಅನ್ನದೆ ತಗೊಳ್ತು. 1999ರ ಸೆಪ್ಟೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ರ ಹೋಗಿ ಕೈಬಿಟ್ಟೇ ಹೋಯ್ತು. ಫ್ಲೋಟಾ ಅಂತ ಕೇಳಿದ್ರೆ ಎರಡೂ ಫ್ಲೋಟೇ! ಅದಕ್ಕೇ "ತೂಕ" ಅಂತ ಬರೆಯೋ ಬದಲು "ತೂಕ_ಕೆಜಿ" ಅಂತ ಬರೀರಿ, ಕೈ ಸವೆಯಲ್ಲ.

ಇಷ್ಟು ಹೇಳಿದ್ದೇ ತಡ, ನೀವು ಇನ್ನೊಂದು ತುದಿಗೆ ಓಡ್ತೀರಿ, ಗೊತ್ತು ನಂಗೆ. ಎರಡು ಸಾಲಿನ ಫಂಕ್ಷನ್ನಿಗೆ ಹನ್ನೆರಡು ಸಾಲಿನ ತಪಾಸಣೆ! ಜನ ಟೈಪ್ ಮಾಡಿದ್ದು, ಫೈಲಿಂದ ಓದಿದ್ದು, ಅಂಥದ್ದನ್ನ ಬರೋ ಕಡೆ ಒಂದ್ಸಲ ಬಿಗಿಯಾಗಿ ನೋಡಿ. ಒಳಗಿನ ಫಂಕ್ಷನ್‌ಗಳು ಒಂದನ್ನೊಂದು ನಂಬ್ಕೊಂಡು ಬದುಕ್ಲಿ ಬಿಡಿ.

ಅಂದ ಹಾಗೆ, ಅಂಕದ ಜಾಗದಲ್ಲಿ ಯಾರಾದ್ರೂ ಟ್ರೂ ಅಂತ ಕೊಟ್ರೆ? ಪೈಥಾನಿನಲ್ಲಿ ಅದೂ ಇಂಟ್ ವಂಶದ್ದೇ, 1 ಅಂತ ಲೆಕ್ಕಕ್ಕೆ ಸೇರ್ಕೊಂಡುಬಿಡುತ್ತೆ. (ಛೆ, ಹೇಳಬಾರದಿತ್ತು. ಈಗ ರಾತ್ರಿಯೆಲ್ಲ ಕೂತು ಅದಕ್ಕೂ ಒಂದು ಇಫ್ ಹಾಕ್ತೀರಿ.)