ಬೇಕು ಚಾಕು, ಸಾಕು ಚಾಕು

ಐವತ್ತು ದಾಟಿದ ಬೆಂಗಳೂರಿನ ಗಂಡಸಿಗೆ ಮೂರು ಕಾಯಿಲೆಗಳಲ್ಲಿ ಒಂದಾದರೂ ಬಂದೇ ಬರುತ್ತದೆ: ಗೇರಿನ ಸೈಕಲ್ಲು, ಮನೆಯಲ್ಲೇ ಹುರಿಯುವ ಕಾಫಿಬೀಜ, ಇಲ್ಲವೇ ಚಾಕು. ಮೊದಲನೆಯದಕ್ಕೆ ನನ್ನ ಮಂಡಿ ಒಪ್ಪಲಿಲ್ಲ. ಎರಡನೆಯದಕ್ಕೆ ಹೆಂಡತಿ ಒಪ್ಪಲಿಲ್ಲ. ಉಳಿದದ್ದು ಚಾಕು. ಅದಕ್ಕೆ ನಾನು ಯಾರನ್ನೂ ಕೇಳಲಿಲ್ಲ.

ರೋಗ ಅಂಟಿದ್ದು ಮೊಬೈಲಿನಿಂದ. ಅಮೆರಿಕದ ಗಡ್ಡದ ಗಂಡಸರು ಜೇಬು ಬರಿದು ಮಾಡಿ, ಸಾಮಾನನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿ ತೋರಿಸುವ ವಿಡಿಯೋಗಳಿವೆ. ಹೆಬ್ಬೆರಳಿನಷ್ಟು ಟಾರ್ಚು, ಮಳೆಯಲ್ಲೂ ಬರೆಯುವ ಪೆನ್ನು, ಚರ್ಮದ ಹೊದಿಕೆಯ ಪುಸ್ತಕ, ನಟ್ಟನಡುವೆ ಮಿರಮಿರ ಮಿಂಚುವ ಮಡಿಸುವ ಚಾಕು. ಇದಕ್ಕೆ 'ಎವೆರಿಡೇ ಕ್ಯಾರಿ' ಎಂದು ಹೆಸರು. ಗಂಡಸಾದವನು ಇಷ್ಟಿಲ್ಲದೆ ಹೊಸಿಲು ದಾಟುವುದಿಲ್ಲವಂತೆ. ನಾನೂ ಒಂದು ರಾತ್ರಿ ಜೇಬು ಬರಿದು ಮಾಡಿದೆ. ಬಾಚಣಿಗೆ (ಯಾವ ಧೈರ್ಯದ ಮೇಲೋ), ಆಸಿಡಿಟಿ ಮಾತ್ರೆ, ದರ್ಶಿನಿಯ ಹಳೇ ಟೋಕನ್ನು, ಮುದುಡಿದ ಪಾರ್ಕಿಂಗ್ ಚೀಟಿ, ಸಿಪ್ಪೆ ಅಂಟಿದ ಪೆಪ್ಪರ್ಮಿಂಟು. ಫೋಟೋ ತೆಗೆದು ನೋಡಿದರೆ ಅನಾಥ ಶವದ ಮಹಜರಿಗೆ ತೆಗೆದ ಚಿತ್ರದ ಹಾಗಿತ್ತು.

"ಚಾಕು ಯಾತಕ್ಕೆ ರೀ?" ಎಂದಳು ಹೆಂಡತಿ.

"ದಿನಕ್ಕೆ ಏನೇನು ಕತ್ತರಿಸಬೇಕಾಗತ್ತೆ ಗೊತ್ತಾ ನಿಂಗೆ?"

"ಗೊತ್ತು. ಇಷ್ಟು ವರ್ಷ ನಾನೇ ಕತ್ತರಿಸಿದ್ದು. ನೀವು ಏನು ಕತ್ತರಿಸಬೇಕು ಅಂತಿದ್ದೀರೋ ಅದು ಹೇಳಿ."

ಹಾಲಿನ ಪ್ಯಾಕೆಟ್ಟಿಗೆ ಅಡುಗೆಮನೆಯಲ್ಲಿ ಕತ್ತರಿಯಿದೆ. ಶಾಂಪೂ ಪೊಟ್ಟಣಕ್ಕೆ ಹಲ್ಲಿದೆ. ತರಕಾರಿಗೆ ಈಳಿಗೆಮಣೆ ಇದೆ, ಅದರ ಹತ್ತಿರ ನನ್ನನ್ನು ಸುಳಿಯಗೊಡುವುದಿಲ್ಲ. ಉಳಿದದ್ದು ಕೊರಿಯರ್ ಡಬ್ಬಿ. "ಕೊರಿಯರ್ ಬಿಚ್ಚೋಕೆ," ಎಂದೆ. "ಅದರಲ್ಲಿ ಏನು ಬರತ್ತೆ?" ಎಂದಳು. ಸದ್ಯದಲ್ಲಿ ಬರಲಿದ್ದದ್ದು ಚಾಕುವೇ. ಹಾಗಾಗಿ ಸುಮ್ಮನಾದೆ.

ಚಾಕು ಕೊಳ್ಳುವ ಮುಂಚೆ ಉಕ್ಕನ್ನು ಓದಬೇಕು ಎಂಬುದು ಈ ಪಂಥದ ಮೊದಲ ವ್ರತ. ಓದಿದೆ. ಇಂಗಾಲ ಹೆಚ್ಚಿದಷ್ಟು ಅಲಗು ಗಡಸು. ಕ್ರೋಮಿಯಂ ಶೇ 13ರ ಸುಮಾರಿದ್ದರೆ ತುಕ್ಕು ಸುಲಭಕ್ಕೆ ಹತ್ತಿರ ಬರುವುದಿಲ್ಲ. ಗಡಸುತನವನ್ನು ರಾಕ್‌ವೆಲ್ ಅಂಕದಲ್ಲಿ ಅಳೆಯುತ್ತಾರೆ. ಸ್ವಿಟ್ಜರ್ಲೆಂಡಿನ ಕೆಂಪು ಚಾಕುಗಳದ್ದು 56ರ ಆಸುಪಾಸು, ಎಸ್30ವಿ ಥರದ ದುಬಾರಿ ಪುಡಿ-ಉಕ್ಕಿನವುಗಳದ್ದು 60ರ ಹತ್ತಿರ. ಅಂಕ ಏರಿದರೆ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಅಂಚು ಚಕ್ಕೆ ಏಳುವ ಭಯ, ಮಸೆಯುವುದಂತೂ ಶಿಕ್ಷೆ. ಊಟಕ್ಕೆ ಮುಂಚೆ ನನ್ನ ರಕ್ತದಲ್ಲಿ ಸಕ್ಕರೆ ಎಷ್ಟೆಂದು ನನಗೆ ಗೊತ್ತಿಲ್ಲ. ಸ್ವೀಡನ್ನಿನ 12ಸಿ27 ಉಕ್ಕಿನಲ್ಲಿ ಇಂಗಾಲ ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವಂತಾದೆ.

ಈ ವಿದ್ವತ್ತನ್ನು ಮೊದಲು ಪ್ರಯೋಗಿಸಿದ್ದು ನಮ್ಮ ಬೀದಿಗೆ ಬರುವ ಸಾಣೆ ಹಿಡಿಯುವವನ ಮೇಲೆ. ಅಡುಗೆಮನೆಯ ಚಾಕು ಕೊಟ್ಟು, "ನೋಡಪ್ಪ, ಕಿಡಿ ಹಾರಿಸಬೇಡ, ಅಲಗು ಬಿಸಿಯಾದ್ರೆ ಹದ ಕೆಡತ್ತೆ. ನಿಧಾನಕ್ಕೆ, ಇಪ್ಪತ್ತು ಡಿಗ್ರಿ ಇರ್ಲಿ," ಎಂದೆ.

"ಇಪ್ಪತ್ತು ಎಲ್ಲಿ ಸಾರ್," ಎಂದು ಹಣೆ ಒರೆಸಿಕೊಂಡ, "ಇವತ್ತು ಮೂವತ್ನಾಲ್ಕು."

ಎರಡನೆಯ ವ್ರತ ಕಾನೂನು. ಮಗಳು ಹೆದರಿಸಿದ್ದಳು: "ಅಪ್ಪ, ನಿನ್ನನ್ನ ಸ್ಟೇಷನ್‌ನಿಂದ ಬಿಡಿಸ್ಕೊಂಡು ಬರೋಕೆ ನಂಗೆ ರಜೆ ಸಿಗಲ್ಲ." ಹುಡುಕಿದೆ. 1959ರ ಆಯುಧ ಕಾಯ್ದೆಯ ನಿಯಮಗಳು ಲೈಸೆನ್ಸಿನ ಮಾತೆತ್ತುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಎಂದೇ ಮಾಡಿದವು ಆ ಲೆಕ್ಕಕ್ಕೂ ಸೇರುವುದಿಲ್ಲ. ನಾನು ಬಯಸಿದ್ದು 3 ಇಂಚಿನದು. ಅಂದರೆ ಸರ್ಕಾರದ ಕಣ್ಣಿಗೆ ಅಪಾಯಕಾರಿ ಮನುಷ್ಯ ಎನಿಸಿಕೊಳ್ಳಲು ನನಗೆ ಇನ್ನೂ 6 ಇಂಚು ಬಾಕಿ ಇತ್ತು. ನಿರಾಳವೂ ಆಯಿತು, ಸ್ವಲ್ಪ ಅವಮಾನವೂ ಆಯಿತು.

ನಮ್ಮ ತಲೆಮಾರಿಗೆ ಮಡಿಸುವ ಚಾಕು ಎಂದರೆ ರಾಮಪುರಿಯೇ. ಹಿಂದಿ ಸಿನಿಮಾದ ಖಳ ಮುಷ್ಟಿ ಮೇಲೆತ್ತಿ 'ಟಕ್' ಎನ್ನಿಸುತ್ತಿದ್ದ, ನಾವು ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ ಹೊಡೆಯುತ್ತಿದ್ದೆವು. ಅದರ ತವರು ಉತ್ತರ ಪ್ರದೇಶದ ರಾಮಪುರದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ಸರ್ಕಾರ ನಿಷೇಧ ಹೇರಿದ ಮೇಲೆ ಕುಶಲಕರ್ಮಿಗಳ ಕೈಕಟ್ಟಿ ಹೋಯಿತು. 2023ರಲ್ಲಿ ಅದೇ ಊರಿನ ಚೌಕದಲ್ಲಿ ಸುಮಾರು 20 ಅಡಿಯ ಚಾಕುವೊಂದನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. ನಾಲ್ಕೂವರೆ ಇಂಚು ದಾಟಬಾರದು, ದಾಟುವುದಾದರೆ 20 ಅಡಿ ದಾಟಬೇಕು. ನಮ್ಮ ದೇಶದ ಬಹಳ ವಿಷಯಗಳಿಗೆ ಇದೇ ನಿಯಮ.

ರಾಮಪುರಿ ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿನ ಕೌಂಟರಿನಲ್ಲಿ ಕೂರುವುದು ಸರಿಯಲ್ಲವೆಂದು ಸ್ವಿಸ್ ಚಾಕುವಿನ ಕಡೆ ತಿರುಗಿದೆ. ಕಾರ್ಲ್ ಎಲ್ಸೆನರ್ ಎಂಬಾತ ಇಬಾಖ್ ಎಂಬ ಊರಿನ ತನ್ನ ಕಾರ್ಖಾನೆಯಿಂದ 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಒದಗಿಸತೊಡಗಿದ. ಡಬ್ಬಿ ತೆರೆಯಬೇಕು, ರೈಫಲಿನ ತಿರುಪು ಬಿಚ್ಚಬೇಕು, ಅಷ್ಟು ಅದರ ಕೆಲಸ. 1897ರಲ್ಲಿ ಅಧಿಕಾರಿಗಳಿಗೆಂದು ಇನ್ನೊಂದು ಮಾಡಿದ, ಅದರಲ್ಲಿ ಕಾರ್ಕ್ ಎಳೆಯುವ ಸುರುಳಿ ಇತ್ತು. ಸಿಪಾಯಿಗೆ ತಿರುಪುಳಿ, ಸಾಹೇಬರಿಗೆ ವೈನು. ತಾಯಿ ವಿಕ್ಟೋರಿಯಾಳ ಹೆಸರಿಗೆ ತುಕ್ಕು ಹಿಡಿಯದ ಉಕ್ಕಿನ 'ಐನಾಕ್ಸ್' ಸೇರಿಸಿ 1921ರಲ್ಲಿ ವಿಕ್ಟೊರಿನಾಕ್ಸ್ ಆಯಿತು. ಒಳ್ಳೆಯ ಸಾಮಾನು, ನಾನೇನೂ ಅನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಕಾರ್ಕ್ ಇರುವ ಬಾಟಲಿ ಒಂದೂ ಇಲ್ಲ. ಆ ಸುರುಳಿಯಿಂದ ಹೂವಿನ ಪೊಟ್ಟಣದ ಬಾಳೆನಾರಿನ ಗಂಟು ಬಿಡಿಸಬಹುದು ಎಂದು ಹೆಂಡತಿಗೆ ಹೇಳಿ ನೋಡಿದೆ. "ಹೂವಿನ ಗಂಟಿಗೆ ಮೂರು ಸಾವಿರವಾ?" ಎಂದಳು.

ಅಲ್ಲದೆ ಒಂದು ಹಿಡಿಯಲ್ಲಿ ಹತ್ತು ಉಪಕರಣ ಎಂದು ಕೊಡಗಿನ ಗೆಳೆಯನ ಮುಂದೆ ಹೊಗಳಿದ್ದೂ ತಪ್ಪಾಯಿತು. ಅವನು ತಾತನ ಕಾಲದ ಪೀಚೆಕತ್ತಿ ತಂದು ತೋರಿಸಿದ. ಕೊಡವರು ಮದುವೆಗೆ, ಹಬ್ಬಕ್ಕೆ ಕುಪ್ಪಸದ ಮೇಲೆ ಸೊಂಟದ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವುದು, ಬೆಳ್ಳಿ ಹಿಡಿ, ತುದಿಯಲ್ಲಿ ಗಿಳಿಮೂತಿ. ಅದರ ಒರೆಯ ಸರಪಳಿಗೆ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿ ಎಲ್ಲ ತೂಗುತ್ತಿದ್ದವು. "ನಿನ್ನ ಸ್ವಿಸ್‌ನಲ್ಲಿ ಕಿವಿ ಕಡ್ಡಿ ಇದೆಯಾ?" ಎಂದ. ಇಲ್ಲ. ಹಲ್ಲುಕಡ್ಡಿ ಮಾತ್ರ ಇದೆ.

ಕೊನೆಗೆ ಕೊಂಡದ್ದು ಹೆಸರು ಕುಲ ಗೊತ್ತಿಲ್ಲದ, ಮರದ ಹಿಡಿಯ, ನೋಡಲು ಮುದ್ದಾದ ಒಂದು ಮಡಿಸುವ ಚಾಕು. ಅಲಗನ್ನು ಬಿಗಿಹಿಡಿಯುವ ಲಾಕ್ ಅದಕ್ಕಿರಲಿಲ್ಲ, ಒಳಗಿನ ಸ್ಪ್ರಿಂಗಿನ ಒತ್ತಡಕ್ಕೆ ನಿಲ್ಲುತ್ತಿತ್ತು. ಇಂಥ ಚಾಕುವಿನಲ್ಲಿ ಕೊಯ್ಯಬಹುದು, ಹೆಚ್ಚಬಹುದು, ಚುಚ್ಚಬಾರದು. ಚುಚ್ಚಿದರೆ ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳಿನ ಮೇಲೆ ಕೂರುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿನ ಕುತ್ತಿಗೆಗೆ 1955ರಲ್ಲಿ ತಿರುಗುವ ಉಕ್ಕಿನ ಬಳೆ ತೊಡಿಸಿದ್ದು ಇದಕ್ಕೇ. ಈ ಜ್ಞಾನವೆಲ್ಲ ನನ್ನಲ್ಲಿ ಮೊದಲೇ ಇತ್ತು. ಆದರೂ ಆಫೀಸಿನಲ್ಲಿ ಬೆಲ್ಟಿಗೆ ಇನ್ನೊಂದು ತೂತು ಕೊರೆಯಲು ಹೋದೆ. (ಸಣ್ಣಗಾದೆನೆಂದು ಒಳಗಿನ ತೂತಲ್ಲ, ಹೊರಗಿನದು.) ಚಾಕು ಮಡಚಿಕೊಂಡಿತು. ಧನುರ್ವಾಯುವಿನ ಇಂಜೆಕ್ಷನ್ ಕೊಡುತ್ತ ನರ್ಸಮ್ಮ "ಹೇಗಾಯ್ತು?" ಎಂದು ಕೇಳಿದರು. ಬೆಲ್ಟಿನ ಕಥೆ ಹೇಳುವ ಬದಲು "ಗಲಾಟೆ ಬಿಡಿಸೋಕೆ ಹೋಗಿದ್ದೆ" ಎಂದುಬಿಟ್ಟೆ. ಅವರು ನನ್ನ ಹೊಟ್ಟೆ ನೋಡಿದರು, ನಂಬಲಿಲ್ಲ.

ಎರಡನೆಯದಕ್ಕೆ ಲಾಕ್ ಇತ್ತು, ಒಂದೇ ಕೈಯಲ್ಲಿ ತೆರೆಯುವಂತಿತ್ತು, ಜೇಬಿನ ಅಂಚಿಗೆ ಸಿಕ್ಕಿಸಲು ಕ್ಲಿಪ್ಪೂ ಇತ್ತು. ಸ್ಪೈಡರ್ಕೊ ಕಂಪನಿ 1981ರಲ್ಲಿ ಇಂಥ ಕ್ಲಿಪ್ ತಂದ ಮೇಲೆ ಚಾಕು ಜೇಬಿನ ತಳ ಬಿಟ್ಟು ಮೇಲಕ್ಕೆ ಬಂತು ಎನ್ನುತ್ತಾರೆ. ನನ್ನದು ಮೇಲಕ್ಕೂ ಬಂತು, ಹೊರಕ್ಕೂ ಬಂತು. ಕ್ಲಿಪ್ ಸಡಿಲಾಗಿ ಬೀಳುತ್ತಿತ್ತೆಂದು ಬ್ಯಾಗಿಗೆ ಹಾಕಿಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋದೆ.

ಸ್ಕ್ಯಾನರಿನ ಹಿಂದೆ ಕೂತಿದ್ದ ಹುಡುಗಿ ಯಂತ್ರ ನಿಲ್ಲಿಸಿದಳು. "ಸರ್, ಬ್ಯಾಗಲ್ಲಿ ಚಾಕು ಇದೆಯಾ?" ಕೇಳಿದ್ದು ನನ್ನನ್ನು, ತಿರುಗಿ ನೋಡಿದ್ದು ಇಡೀ ಸಾಲು.

"ಹಣ್ಣು ಹೆಚ್ಚೋಕೆ ಅಂತ ಇಟ್ಕೊಂಡಿದ್ದೀನಮ್ಮ."

"ಹಣ್ಣೆಲ್ಲಿ ಸರ್?"

ಬ್ಯಾಗಿನಲ್ಲಿದ್ದದ್ದು ಡಬ್ಬಿ ತುಂಬ ಮೊಸರನ್ನ. ಮೊಸರನ್ನಕ್ಕೂ ಚಾಕುವಿಗೂ ಸಂಬಂಧ ಕಲ್ಪಿಸಲು ನಾನು ಮಾಡಿದ ಪ್ರಯತ್ನವನ್ನು ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. "ಒಳಗೆ ಬಿಡೋ ಹಾಗಿಲ್ಲ ಸರ್. ಹೊರಗೆಲ್ಲಾದ್ರೂ ಕೊಟ್ಟು ಬನ್ನಿ."

ಹೊರಗೆ, ಮೆಟ್ಟಿಲ ಪಕ್ಕ, ಎಳನೀರು ಗಾಡಿ. ಆತನ ಕೈಯಲ್ಲಿ ಮೊಳದುದ್ದದ ಮಚ್ಚು. ಸಂಜೆವರೆಗೆ ಇಟ್ಟುಕೊಂಡಿರು ಎಂದು ಚಾಕು ಚಾಚಿದೆ. ಹಿಂದೆ ಸರಿದ. "ಕೈಗೆ ಕೊಡಬೇಡಿ ಸಾರ್, ಜಗಳ ಆಗತ್ತೆ. ಅಲ್ಲಿಡಿ." ಗಾಡಿಯ ಮೇಲಿಟ್ಟೆ. ಎತ್ತಿಕೊಂಡು, ತಿರುಗಿಸಿ, ಬೆರಳಿನಿಂದ ಸವರಿ ನೋಡಿದ.

"ಎಷ್ಟು ಕೊಟ್ರಿ?"

ಅರ್ಧ ಬೆಲೆ ಹೇಳಿದೆ. ಮನೆಯಲ್ಲೂ ಅಷ್ಟೇ ಹೇಳಿದ್ದೆ. ಆದರೂ ಆತನ ಮುಖದಲ್ಲಿ ಮೂಡಿದ ಕನಿಕರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. "ನಂದು ಮುನ್ನೂರೈವತ್ತು ಸಾರ್. ಹತ್ತು ವರ್ಷ ಆಯ್ತು," ಎಂದು ಒಂದು ಕಾಯಿಯನ್ನು ಎತ್ತಿ ಮೂರೇ ಏಟಿಗೆ ಕೆತ್ತಿದ. ಆಮೇಲೆ, ಪಾಪ, ನನಗೆ ಬೇಜಾರಾಗದಿರಲೆಂದು ನನ್ನ ಚಾಕುವಿನ ತುದಿಯಿಂದ ಅದರ ಬಾಯಿ ತೂತು ಮಾಡಿದ. "ಚೆನ್ನಾಗಿದೆ ಸಾರ್. ಇಷ್ಟಕ್ಕೆ ಆಗತ್ತೆ."

ಅಲ್ಲಿಂದ ಅದು ಪರಿಪಾಠವಾಯಿತು. ಬೆಳಿಗ್ಗೆ ಚಾಕು ಅವನಲ್ಲಿಡುವುದು, ಸಂಜೆ ಬಿಡಿಸಿಕೊಳ್ಳುವುದು. ಬರಿಗೈಯಲ್ಲಿ ಬಿಡಿಸಿಕೊಳ್ಳಲು ಸಂಕೋಚವಾಗಿ ಒಂದು ಎಳನೀರು ಕುಡಿಯುವುದು. ಅವನೋ ನನ್ನ ಚಾಕುವಿನಿಂದ ಸ್ಟ್ರಾ ಕಟ್ಟು ಬಿಚ್ಚಿದ, ಮಧ್ಯಾಹ್ನದ ಸೌತೆಕಾಯಿ ಹೆಚ್ಚಿದ, ಪಕ್ಕದ ಹೂವಿನವಳಿಗೆ ಎರವಲು ಕೊಟ್ಟ. ಲೆಕ್ಕ ಹಾಕಿದರೆ ನನ್ನ ಎವೆರಿಡೇ ಕ್ಯಾರಿ ಎವೆರಿಡೇ ಇದ್ದದ್ದು ಅವನ ಗಾಡಿಯಲ್ಲಿ. ಬಾಡಿಗೆ ಮಾತ್ರ ನಾನು ಕಟ್ಟುತ್ತಿದ್ದೆ.

ಇದಕ್ಕೆಲ್ಲ ಪೇಟೆ ಕಾರಣ, ಊರಿನಲ್ಲಾದರೆ ಚಾಕುವಿಗೆ ಮರ್ಯಾದೆ ಸಿಕ್ಕೀತು ಎಂದು ಬೇಸಿಗೆ ರಜೆಗೆ ಸಾಗರದ ಕಡೆಯ ಹಳ್ಳಿಮನೆಗೆ ಒಯ್ದೆ. ನಮ್ಮ ಅಪ್ಪಯ್ಯನಿಗೆ ಎಂಬತ್ತು ದಾಟಿದೆ. ತೋಟಕ್ಕೆ ಹೊರಟರೆ ಈಗಲೂ ಸೊಂಟದ ಕೊಕ್ಕೆಯಲ್ಲಿ ಕತ್ತಿ ತೂಗುತ್ತದೆ. ಯಾವ ವಿಡಿಯೋ ನೋಡಿಯೂ ಕಟ್ಟಿಕೊಂಡದ್ದಲ್ಲ. ಜಗಲಿಯಲ್ಲಿ ನನ್ನ ಚಾಕುವನ್ನು ಒಂದೇ ಕೈಯಲ್ಲಿ 'ಟಕ್' ಎನ್ನಿಸಿ ತೋರಿಸಿದೆ. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, "ಇದು ಇನ್ನೂ ಬೆಳೀತದಾ ಮಾರಾಯ?" ಎಂದರು.

ರೋಷಕ್ಕೆ ಹಲಸಿನಹಣ್ಣಿಗೆ ಕೈಹಾಕಿದೆ. 3 ಇಂಚಿನ ಅಲಗು ಹಲಸಿನ ಮುಳ್ಳು ದಾಟಿ ಒಳಗೆ ಇಳಿಯುವಷ್ಟರಲ್ಲಿ ಅದರ ಉದ್ದವೇ ಮುಗಿದಿತ್ತು. ಕೈಗೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳುವ ಬುದ್ಧಿ ಇತ್ತು, ಚಾಕುವಿಗೆ ಹಚ್ಚುವ ಬುದ್ಧಿ ಇರಲಿಲ್ಲ. ಮಡಿಸುವ ಚಾಕುವಿನ ಜೀವ ಇರುವುದು ಅದರ ಕೀಲಿನಲ್ಲಿ. ಹಲಸಿನ ಮೇಣ ಮೊದಲು ಹೊಕ್ಕಿದ್ದು ಅಲ್ಲಿಗೇ. ತೆರೆದದ್ದು ಮುಚ್ಚಲಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಮಾರನೆಯ ದಿನ ಬಲವಾಗಿ ಒತ್ತಿದಾಗ ಮುಚ್ಚಿತು, ಆಮೇಲೆ ತೆರೆಯಲಿಲ್ಲ. ಅತ್ತ ಅಪ್ಪಯ್ಯನ ಕತ್ತಿಗೂ ಮೇಣ ಅಂಟಿತ್ತು. ಕೀಲೇ ಇಲ್ಲದ್ದಕ್ಕೆ ಚಿಂತೆ ಏನು, ಒಲೆಯ ಕೆಂಡಕ್ಕೆ ಹಿಡಿದು ಬಟ್ಟೆಯಲ್ಲಿ ಒರೆಸಿ ಕೊಕ್ಕೆಗೆ ಸಿಕ್ಕಿಸಿದರು. ಅಲಗು ಬಿಸಿಯಾದರೆ ಹದ ಕೆಡುತ್ತದೆ ಎಂದು ಹೇಳಲು ಬಾಯಿ ತೆರೆದೆ. ಆ ಕತ್ತಿಯ ವಯಸ್ಸು ನೆನಪಾಗಿ ಮುಚ್ಚಿದೆ.

ಇಷ್ಟೆಲ್ಲ ಕೇಳಿಯೂ ಕೊಳ್ಳಲೇಬೇಕು ಎನ್ನುವವರಿಗೆ ನನ್ನ ತೀರ್ಪು ಇದು: ಅಲಗು 3 ಇಂಚಿನೊಳಗೆ ಇರಲಿ, ಲಾಕ್ ಕಡ್ಡಾಯ, ಉಕ್ಕು ತುಕ್ಕು ಹಿಡಿಯದ ಸಾಧಾರಣದ್ದು ಸಾಕು. ರಾಕ್‌ವೆಲ್ ಅಂಕಕ್ಕೆ ದುಡ್ಡು ಸುರಿಯಬೇಡಿ, ಆ ದುಡ್ಡಿಗೆ ಒಂದು ಸಾಣೆಕಲ್ಲು ಕೊಳ್ಳಿ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಡಬೇಡಿ, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿಡಿ. ಹಲಸಿನ ಸೀಸನ್ನಿನಲ್ಲಿ ಹೊರಗೆ ತೆಗೆಯಲೇಬೇಡಿ. ದಿನಾ ಮೆಟ್ರೋದಲ್ಲಿ ಓಡಾಡುವವರಾದರೆ ಈ ಸಹವಾಸವೇ ಬೇಡ. ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಐವತ್ತು ರೂಪಾಯಿಯ ನೇಲ್‌ಕಟರಿನ ಹೊಟ್ಟೆಯಲ್ಲಿ ಒಂದೂವರೆ ಇಂಚಿನ ಮಡಿಸುವ ಅಲಗು ಇರುತ್ತದೆ, ಕೊರಿಯರ್ ಡಬ್ಬಿಗೆ ಧಾರಾಳವಾಗಿ ಸಾಕು. ನನ್ನ ಚಾಕುಗಳು ಬಂದ ಡಬ್ಬಿಗಳನ್ನೆಲ್ಲ ನಾನು ಬಿಚ್ಚಿದ್ದು ಅದರಲ್ಲೇ.