ಹದಿನೆಂಟು ಬಕೆಟ್ ತುಂಗೆ

ಶೃಂಗೇರಿಗೆ ಹೋದವರು ಏನೇನೋ ಸಂಕಲ್ಪ ಮಾಡಿಕೊಂಡು ಬರುತ್ತಾರೆ. ನಾನು ಮೀನು ಸಾಕುವ ಸಂಕಲ್ಪ ಮಾಡಿಕೊಂಡು ಬಂದೆ. ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚಿದರೆ ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. "ನೋಡೇ, ಮೀನು ಸಾಕೋದು ಎಷ್ಟು ಸುಲಭ" ಅಂದೆ. ಹೆಂಡತಿ ಆಗಲೇ ನನ್ನ ಬಾಯಿಗೊಂದು ಹಿಡಿ ಮಂಡಕ್ಕಿ ತುರುಕಬೇಕಿತ್ತು.

ಮೈಸೂರಿನ ನಮ್ಮ ಹಿತ್ತಲಲ್ಲಿ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ಸಿಮೆಂಟ್ ತೊಟ್ಟಿ ಎದ್ದಿತು. "ಹೊಸ ಸಿಮೆಂಟು ಸುಣ್ಣ ಬಿಡುತ್ತೆ ಸಾರ್. ಬಾಳೆದಿಂಡು ಹಾಕಿ ನೀರು ಕೊಳೆಸಿ, ಎರಡು ಮೂರು ಸಲ ಚೆಲ್ಲಿ, ಆಮೇಲೆ ಮೀನು ಬಿಡಿ" ಅಂದ ಗಾರೆ ಮೇಸ್ತ್ರಿ. ದಿಂಡು ತಂದಿಟ್ಟೆ. ಅಮ್ಮ ಪಲ್ಯ ಮಾಡಿದಳು. ಇನ್ನೊಂದು ದಿಂಡು ತಂದು, ತೊಟ್ಟಿಗೆ ಬೀಳುವವರೆಗೂ ಕಂಕುಳಲ್ಲೇ ಇಟ್ಟುಕೊಂಡಿದ್ದೆ. ಇಡೀ ಯೋಜನೆಯಲ್ಲಿ ಸಾಂಗವಾಗಿ ನಡೆದದ್ದು ಆ ಪಲ್ಯ ಒಂದೇ.

ಹನ್ನೆರಡು ಗೋಲ್ಡ್ ಫಿಷ್ ಬಂದವು. ನಾನು ತೊಟ್ಟಿಯ ಬಳಿ ಹೋದಾಗಲೆಲ್ಲ ಬಾಯಿ ಬಾಯಿ ಬಿಡುತ್ತಿದ್ದವು. ನಾನೂ ಶೃಂಗೇರಿಯ ಧಾರಾಳದಲ್ಲೇ ಬಡಿಸುತ್ತಿದ್ದೆ. ಗೋಲ್ಡ್ ಫಿಷ್‌ಗೆ ಜಠರವೇ ಇಲ್ಲ, ಬರೀ ಉದ್ದನೆಯ ಕರುಳು ಎಂದು ಆಮೇಲೆ ತಿಳಿಯಿತು. ಜಠರ ಬಿಟ್ಟು ಬೇರೇನೂ ಇಲ್ಲದ ನನಗೆ ಇದು ಹೊಳೆಯುವುದಾದರೂ ಹೇಗೆ? ತಿಂದದ್ದು ಅರ್ಧ, ಕೊಳೆತದ್ದು ಅರ್ಧ. ಮೇಲೆ ಉರಿಬಿಸಿಲು. ಹದಿನೈದು ದಿನಕ್ಕೆ ನೀರು ಸೊಪ್ಪಿನ ಸಾರಾಯಿತು.

ಕೊಳೆಯೆಲ್ಲ ಫಿಲ್ಟರಿನದೇ ಎಂದು ಅದರ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು, ಬಾರ್ ಸೋಪು ಹಾಕಿ, ಬೆಳ್ಳಗಾಗುವವರೆಗೂ ಉಜ್ಜಿದೆ. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡುತ್ತಾ ನಿಂತಿದ್ದಳು. "ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಫಿ ಲೋಟ ತೊಳೆದಿಲ್ಲ ನೀವು" ಅಂದಳು. ಲೋಟ ತೊಳೆದಿದ್ದರೂ ಪಾಪ ತಟ್ಟುತ್ತಿರಲಿಲ್ಲ. ನಾಲ್ಕನೇ ದಿನ ಮೂರು ಮೀನು ಹೊಟ್ಟೆ ಮೇಲಾಗಿ ತೇಲಿದವು.

ಅಂಗಡಿ ಹುಡುಗ ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡ. ಮೀನು ಬಿಡುವ ಅಮೋನಿಯಾ ಮೀನಿಗೇ ವಿಷವಂತೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡಿ ಗಿಡಗಳ ಬಾಯಿಗೆ ಇಡುತ್ತದೆ. ಈ ಸಂಸಾರ ಸ್ಪಂಜಿನಲ್ಲಿ ಬೇರೂರಲು ತಿಂಗಳು, ಒಂದೂವರೆ ತಿಂಗಳು ಬೇಕು. ನಾನು ಸೋಪು ಹಾಕಿ ಉಜ್ಜಿದ್ದು ಆ ಸಂಸಾರವನ್ನೇ. ಸ್ಪಂಜನ್ನು ತೊಟ್ಟಿಯ ನೀರಲ್ಲೇ ಮೆಲ್ಲಗೆ ಹಿಂಡಬೇಕು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು, ನೈದಿಲೆ ಎಲೆಯಿಂದ ಅರ್ಧ ತೊಟ್ಟಿಗೆ ನೆರಳಾಗಬೇಕು, ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಿಸಬೇಕು. ತಲೆ ಆಡಿಸಿ ಬಂದೆ.

ಲೆಕ್ಕ ಹಾಕಿದ್ದು ಮನೆಗೆ ಬಂದ ಮೇಲೆ. ತೊಟ್ಟಿಯಲ್ಲಿ ಹತ್ತಿರ ಹತ್ತಿರ 1,350 ಲೀಟರ್. ಐದರಲ್ಲೊಂದು ಪಾಲು ಅಂದರೆ 15 ಲೀಟರಿನ 18 ಬಕೆಟ್. ನಲ್ಲಿ ನೀರನ್ನು ನೇರ ಸುರಿಯುವಂತಿಲ್ಲ. ಕ್ಲೋರಿನ್ ಹಾರಿಹೋಗಲು ಒಂದು ದಿನ ತೆರೆದಿಡಬೇಕು. ಹಾಗಾಗಿ ಪ್ರತಿ ಶನಿವಾರ ನಮ್ಮ ಮನೆಯ ಬಕೆಟ್, ಡ್ರಮ್ಮು, ಅಮ್ಮನ ಮದುವೆಯ ಕೊಳದಪ್ಪಲೆ ಎಲ್ಲ ತುಂಬಿ ಹಿತ್ತಲಲ್ಲಿ ಸಾಲಾಗಿ ಕೂರುತ್ತವೆ. ಭಾನುವಾರ ಬೆಳಿಗ್ಗೆ ಮೀನುಗಳಿಗೆ ಮೊದಲ ಸ್ನಾನ. ಬಕೆಟ್ ಖಾಲಿಯಾದ ಮೇಲೆ ನಮ್ಮದು. ಕಾಂಪೌಂಡಿನ ಮೇಲೆ ಒಂದು ಕೊಕ್ಕರೆ ಕೂತು ಮೇಲ್ವಿಚಾರಣೆ ಮಾಡುತ್ತದೆ. ಅದರ ಸಂಬಳ ಇದುವರೆಗೆ ಎರಡು ಮೀನು.

ಮೊನ್ನೆ ಮತ್ತೆ ಶೃಂಗೇರಿಗೆ ಹೋಗಿದ್ದೆವು. ಅದೇ ಮೆಟ್ಟಿಲು. ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಪೊಟ್ಟಣ ಬಗ್ಗಿಸಿ ಮಂಡಕ್ಕಿ ಸುರಿಯುತ್ತಿದ್ದಳು. ತಡೆಯಲಾಗಲಿಲ್ಲ.

"ಅಷ್ಟೊಂದು ಹಾಕಬಾರದು ಪುಟ್ಟಿ, ನೀರು ಕೆಡುತ್ತೆ. ಆಮೇಲೆ ನೀರು ಬದಲಾಯಿಸೋರು ಯಾರು?"

ಅವಳು ನನ್ನನ್ನೂ ತುಂಗೆಯನ್ನೂ ಒಮ್ಮೆ ನೋಡಿ, ತುಂಬ ಸಮಾಧಾನದಿಂದ ಹೇಳಿದಳು:

"ಅಂಕಲ್, ಇದು ಹೊಳೆ."