ಚಿಟ್ಟೆ ರಾಯರು

ನಿವೃತ್ತರಾದ ಮೇಲೆ ನಮ್ಮ ಗಂಡಸರಿಗೆ ಉಳಿಯುವ ದಾರಿ ಮೂರು: ವೇದಾಂತ, ಬಡಾವಣೆಯ ಸಂಘದ ರಾಜಕೀಯ, ಇಲ್ಲವೇ ಕೈತೋಟ. ಮೊದಲ ಎರಡು ಪಂಗಡದವರಿಂದ ತಪ್ಪಿಸಿಕೊಳ್ಳುವುದು ಕಷ್ಟವಲ್ಲ. ದೂರದಿಂದಲೇ ದನಿ ಕೇಳಿಸುತ್ತದೆ, ಅಡ್ಡರಸ್ತೆ ಹಿಡಿದರಾಯಿತು. ಕೈತೋಟದವರು ಹಾಗಲ್ಲ. ಕಾಂಪೌಂಡಿನ ಆಚೆ ಗಿಡದ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಗೇಟು ದಾಟಿ ಬಚಾವಾದೆ ಎಂದು ನೀವು ಉಸಿರು ಬಿಡುವಷ್ಟರಲ್ಲಿ ಎದ್ದು ನಿಲ್ಲುತ್ತಾರೆ.

ಇವರಲ್ಲೂ ಗುಲಾಬಿಯವರು, ಬೋನ್ಸಾಯಿಯವರು, ತಾರಸಿಯಲ್ಲಿ ಟೊಮೆಟೊ ಬೆಳೆದು ಮನೆಗೊಂದರಂತೆ ಹಂಚುವವರು ಎಂದೆಲ್ಲ ಶಾಖೆಗಳಿವೆ. ಈಚೆಗೆ ಎಲ್ಲರನ್ನೂ ಮೀರಿಸಿರುವವರು ಚಿಟ್ಟೆಯವರು. ಮೈಸೂರಿನ ನಮ್ಮ ಬಡಾವಣೆಗೂ ಅಂಥವರೊಬ್ಬರಿದ್ದಾರೆ, ಚಿಟ್ಟೆ ರಾಯರು. ಬ್ಯಾಂಕಿನಲ್ಲಿದ್ದಷ್ಟು ಕಾಲ ಸಾಲ ತೀರಿಸದವರ ಬೆನ್ನು ಹತ್ತಿದ್ದವರು ಈಗ ಚಿಟ್ಟೆಗಳ ಬೆನ್ನು ಹತ್ತಿದ್ದಾರೆ. ಇಬ್ಬರೂ ಕೈಗೆ ಸಿಗುವವರಲ್ಲವಾದ್ದರಿಂದ ಸರ್ವೀಸಿನ ಅನುಭವ ವ್ಯರ್ಥವಾಗಿಲ್ಲ. ಅಗಲ ಅಂಚಿನ ಟೋಪಿ, ಮೈತುಂಬ ಜೇಬಿರುವ ಖಾಕಿ ಜಾಕೀಟು, ಕೊರಳಲ್ಲಿ ದುರ್ಬೀನು. ಇಷ್ಟೆಲ್ಲ ತೊಟ್ಟು ಅವರು ಹೊರಡುವುದು ಬಂಡೀಪುರಕ್ಕಲ್ಲ, 30×40 ಸೈಟಿನ ಮುಂಬಾಗಿಲಿಂದ ಗೇಟಿನವರೆಗೆ. ಗೇಟಿನ ಮೇಲೆ ಮೊದಲು ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡಿತ್ತು. ಈಗ ‘ಚಿಟ್ಟೆಗಳಿವೆ, ಮೆಲ್ಲಗೆ ಬನ್ನಿ’ ಎಂದಿದೆ. ನಾಯಿ ಮಾತ್ರ ಹಾಗೇ ಇದೆ. ಕೊರಿಯರ್ ಹುಡುಗರು ಮೆಲ್ಲಗೆ ಒಳಗೆ ಹೋಗಿ ಜೋರಾಗಿ ಹೊರಗೆ ಬರುತ್ತಾರೆ.

ಈ ಹುಚ್ಚು ಹತ್ತಿದ್ದು ಸಿಯಾಟಲ್‌ನಲ್ಲಿ. ಮಗಳ ಬಾಣಂತನಕ್ಕೆಂದು ದಂಪತಿ ಹೋಗಿದ್ದರು. ಕೂಸಿಗೆ ಎಣ್ಣೆನೀರು, ಬಾಣಂತಿಗೆ ಮೆಣಸಿನ ಸಾರು ಎಂದು ಒಳಗೆ ಹೆಂಡತಿಗೆ ಕೂರಲು ಪುರುಸೊತ್ತಿಲ್ಲ. ಹೊರಗೆ ರಾಯರಿಗೆ ಎದ್ದು ಮಾಡುವಂಥ ಕೆಲಸವಿಲ್ಲ. ವಾಕಿಂಗ್ ಹೋದಾಗ ದಾರಿಯ ಪಕ್ಕ ಆಳೆತ್ತರದ ಪೊದೆಗಳು, ಅವುಗಳ ತುದಿಯಲ್ಲಿ ಗೇಣುದ್ದದ ನೇರಳೆ ಗೊಂಚಲುಗಳು, ಗೊಂಚಲಿನ ಮೇಲೆ ಚಿಟ್ಟೆಗಳು ಕಂಡವು. ಹೆಸರು ವಿಚಾರಿಸಿದರು: ಬಡ್ಲಿಯಾ. ಕರೆಯುವ ಹೆಸರು ಬಟರ್‌ಫ್ಲೈ ಬುಷ್. ಮೊಮ್ಮಗುವಿಗೆ ಹೆಸರು ಹುಡುಕುವ ಹೊಣೆ ಹೊತ್ತು ಹೋದವರು ಈ ಎರಡು ಹೆಸರು ಹೊತ್ತು ವಾಪಸಾದರು.

ಬಂದವರೇ ಊಟಿ ಕಡೆಯಿಂದ ಸಸಿ ತರಿಸಿದರು. ಬಡ್ಲಿಯಾಕ್ಕೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಅಷ್ಟು ಬಿಸಿಲು ಬೀಳುತ್ತಿದ್ದ ಒಂದೇ ಜಾಗದಲ್ಲಿ ಹೆಂಡತಿಯ ಕನಕಾಂಬರವಿತ್ತು. ಅದು ಎತ್ತಂಗಡಿಯಾಯಿತು. ಹಿತ್ತಲಿನ ಕರಿಬೇವನ್ನು ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ, ಬಿಟ್ಟರು. ಆಮೇಲೆ ಉಪಚಾರ ಶುರುವಾಯಿತು. ಈ ಗಿಡ ಬಡ ಮಣ್ಣಿನಲ್ಲೂ ಬದುಕುವಂಥದು. ನೀರು ಬಸಿದುಹೋದರೆ ಸಾಕು, ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಗೊಬ್ಬರ ಹೆಚ್ಚಾದರೆ ಸೊಪ್ಪು ಬೆಳೆದೀತೇ ಹೊರತು ಹೂ ಬಿಡದು. ರಾಯರಿಗೆ ಇದೆಲ್ಲ ಬಾಯಿಪಾಠ. ಆದರೆ ಪ್ರೀತಿ ಉಕ್ಕಿದಾಗ ಬಾಯಿಪಾಠ ಯಾರ ನೆನಪಿಗೆ ಬರುತ್ತದೆ? ಸೋಮವಾರ ಸಗಣಿ ಗೊಬ್ಬರ, ಗುರುವಾರ ಹಿಂಡಿ ನೆನೆಸಿದ ನೀರು, ಅಮಾವಾಸ್ಯೆಗೆ ಎರೆಗೊಬ್ಬರ. ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ದಷ್ಟಪುಷ್ಟವಾಗಿ ಕಿಟಕಿಗೆ ಅಡ್ಡ ನಿಂತಿತು. ಹೂವಿನ ಸುಳಿವಿಲ್ಲ.

ಕೊನೆಗೆ ಮಾಲಿ ಬಂದ. “ಸವರ್ಬೇಕು ಸಾರ್, ಹೊಸ ಚಿಗುರಲ್ಲೇ ಹೂವು” ಎಂದ. ಅವನ ಮಾತು ಸರಿ. ಈ ಗಿಡ ಹೂ ಬಿಡುವುದೇ ಆ ವರ್ಷದ ಹೊಸ ರೆಂಬೆಯಲ್ಲಿ. ಆದರೆ ರಾಯರಿಗೆ ಕತ್ತರಿ ಹಾಕಲು ಮನಸ್ಸು ಬಾರದು. ಪಂಚಾಂಗ ನೋಡಿದರು, ಫೋಟೊ ತೆಗೆದರು, ತೋರುಬೆರಳಿನುದ್ದ ಕತ್ತರಿಸಿ ಕೂತು ನೀರು ಕುಡಿದರು. ಅವರು ಎರಡನೇ ಲೋಟಕ್ಕೆ ಒಳಗೆ ಹೋದಾಗ ಮಾಲಿ ಮೊಣಕಾಲೆತ್ತರಕ್ಕೆ ಸವರಿಬಿಟ್ಟ. ಮೂರು ದಿನ ಆ ಮನೆಯಲ್ಲಿ ಮಾತುಕತೆ ಇರಲಿಲ್ಲ. ಮುಂದೆ ಹೂ ಬಂತು. ಅದರ ಶ್ರೇಯಸ್ಸು ಎರೆಗೊಬ್ಬರಕ್ಕೆ ಹೋಯಿತು.

ಹೂವಿನ ಹಿಂದೆ ಚಿಟ್ಟೆ, ಚಿಟ್ಟೆಯ ಹಿಂದೆ ಉಪನ್ಯಾಸ. ಹಾಲಿನವನಾಗಲಿ ಮೀಟರ್ ಓದುವವನಾಗಲಿ ಬಡ್ಲಿಯಾ ಚರಿತ್ರೆ ಕೇಳದೆ ಗೇಟು ದಾಟುವಂತಿಲ್ಲ. ಈ ಕುಲಕ್ಕೆ ಲಿನೇಯಸ್ ಇಟ್ಟಿದ್ದು ಇಂಗ್ಲೆಂಡಿನ ಪಾದ್ರಿ ಆಡಂ ಬಡಲ್ ಹೆಸರನ್ನು. ಆ ಪುಣ್ಯಾತ್ಮ 1715ರಲ್ಲೇ ತೀರಿಕೊಂಡಿದ್ದ. ತೋಟಗಳಲ್ಲಿ ಮೆರೆಯುವ ಬಡ್ಲಿಯಾ ಡೇವಿಡೀ ಚೀನಾ ಮೂಲದ್ದು. ಅದಕ್ಕೆ ಹೆಸರು ಬಂದಿದ್ದು ಅರ್ಮಾಂಡ್ ದಾವಿದ್ ಎಂಬ ಇನ್ನೊಬ್ಬ ಪಾದ್ರಿಯಿಂದ, ಅವನು ಫ್ರಾನ್ಸಿನವನು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದ ಲಂಡನ್ನಿನ ಪಾಳುಜಾಗಗಳಲ್ಲೆಲ್ಲ ಇದೇ ಗಿಡ ಎದ್ದಿತ್ತು. ಇಷ್ಟು ಹೇಳಿ ರಾಯರು ಹೆಮ್ಮೆಯಿಂದ ಮೀಟರಿನವನ ಮುಖ ನೋಡುತ್ತಾರೆ. ಅವನು ಬಿಲ್ಲು ಕೊಡುತ್ತಾನೆ.

ಒಮ್ಮೆ ಮಾತ್ರ ಮಾಲಿ ಎದುರಾಡಿದ. “ಬಾಂಬ್ ಬಿದ್ದ ಕಡೇನೂ ಬೆಳೀತದೆ ಅಂದ್ರೆ ಇದು ನಮ್ಮ ಕಾಡಿನ ಲಂಟಾನ ಇದ್ದಂಗೇ ಸಾರ್. ಹಬ್ಬಿದ್ರೆ ಕೀಳಾಕ್ಕಾಗಲ್ಲ.” ರಾಯರು ಕೆರಳಿ ಮಗಳಿಗೆ ವಿಡಿಯೊ ಕಾಲ್ ಮಾಡಿ ಸಾಕ್ಷಿ ಕೇಳಿದರು. ಮಗಳು ನಕ್ಕಳು. “ಅಪ್ಪಾ, ವಾಷಿಂಗ್ಟನ್ ರಾಜ್ಯದ ಕಳೆಗಳ ಪಟ್ಟಿಯಲ್ಲೇ ಇದೆ ಅದು. ಬೀಜ ಕಟ್ಟೋಕೆ ಮುಂಚೆ ಬಾಡಿದ ಹೂ ಕತ್ತರಿಸಿಬಿಡಬೇಕು.” ರಾಯರು ತಣ್ಣಗಾಗಲಿಲ್ಲ. “ಹೊರದೇಶದಲ್ಲಿ ಗುಣಕ್ಕೆ ಬೆಲೆಯಿಲ್ಲ” ಎಂದು ಫೋನಿಟ್ಟರು. ಆದರೂ ಅಂದಿನಿಂದ ಬಾಡಿದ ಗೊಂಚಲು ಕಂಡರೆ ಕತ್ತಲಾದ ಮೇಲೆ ಕತ್ತರಿ ಹಿಡಿದು ಬರುತ್ತಾರೆ, ಮಾಲಿಗೆ ಗೊತ್ತಾಗದಂತೆ.

ಅವರಿಗೆ ಉಳಿದ ಕೊರಗು ಒಂದೇ. ಕರ್ನಾಟಕದ ರಾಜ್ಯ ಚಿಟ್ಟೆ, ಕಪ್ಪು ಹಳದಿಯ ಸದರ್ನ್ ಬರ್ಡ್‌ವಿಂಗ್, ಇನ್ನೂ ದರ್ಶನ ಕೊಟ್ಟಿಲ್ಲ. ಅದು ಪಶ್ಚಿಮ ಘಟ್ಟದ ಜೀವ, ಅದರ ಮರಿ ತಿನ್ನುವುದು ಈಶ್ವರಿಬಳ್ಳಿಯ ಜಾತಿಯ ಎಲೆ ಎಂದು ಯಾರಾದರೂ ಹೇಳಿದರೆ, “ರಾಜ್ಯದ್ದು ಅಂದ ಮೇಲೆ ಕಂದಾಯ ಕಟ್ಟೋರ ಮನೆಗೂ ಒಂದ್ಸಲ ಬರಬೇಕು ಕಣ್ರೀ” ಎನ್ನುತ್ತಾರೆ.

ರಾಯರ ಪ್ರೇಮ ರೆಕ್ಕೆಯಿಂದ ಈಚೆಗೆ ಮಾತ್ರ ಎಂಬುದನ್ನು ಹೇಳಲೇಬೇಕು. ಹುಳು ಕಂಡರೆ ಕುರ್ಚಿ ಹತ್ತುತ್ತಾರೆ. ಹಿತ್ತಲಿನ ಕರಿಬೇವಿನಲ್ಲಿ ಹುಳು ಬಿದ್ದಿದೆ ಎಂದು ಹೆಂಡತಿ ಕೂಗಿದಾಗೆಲ್ಲ ಬೇವಿನೆಣ್ಣೆ ಸಿಂಪಡಿಸಲು ಸಲಹೆ ಕೊಟ್ಟು ಮುಂದಿನ ಅಂಗಳಕ್ಕೆ ಓಡುತ್ತಿದ್ದರು. ಹೀಗಿರುವಾಗ ಒಂದು ಬೆಳಗ್ಗೆ ಬಡ್ಲಿಯಾ ಮೇಲೆ ಕಾಮನ್ ಮಾರ್ಮನ್ ಬಂತು. “ನೋಡೇ, ಹೆಣ್ಣು! ಇದರಲ್ಲಿ ಗಂಡಿಗೆ ಒಂದೇ ವೇಷ, ಹೆಣ್ಣಿಗೆ ಮೂರು” ಎಂದರು. “ಪುಣ್ಯವಂತೆ” ಎಂದರು ಹೆಂಡತಿ, ತಮ್ಮ ಸೀರೆ ನೋಡಿಕೊಂಡು. ಚಿಟ್ಟೆ ಮಕರಂದ ಹೀರಿ ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಹಾರಿತು. ರಾಯರು ಕ್ಯಾಮೆರಾ ಹಿಡಿದು ಹಿಂದೆಯೇ ಓಡಿದರು. ಅದು ಕರಿಬೇವಿನ ಎಲೆಯನ್ನು ಮುಂಗಾಲಿನಿಂದ ತಟ್ಟಿ ರುಚಿ ನೋಡಿತು, ಬಾಲ ಬಾಗಿಸಿ ಸಾಸಿವೆ ಗಾತ್ರದ ತಿಳಿಹಳದಿ ಮೊಟ್ಟೆಯೊಂದನ್ನು ಅಂಟಿಸಿತು. ಪಕ್ಕದ ಎಲೆಯಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು, ಅದರಾಚೆ ಹಸಿರು ದಡಿಯ. ರಾಯರು ತಪ್ಪಿ ತಾಕಿದ್ದಕ್ಕೆ ಅದು ಕೆಂಪು ಕೊಂಬು ಚಾಚಿ ನಾತ ಬಿಟ್ಟಿತು.

“ಅಂದ್ರೆ ನನ್ನ ಬಡ್ಲಿಯಾ?” ಎಂದರು ರಾಯರು.

“ಅದು ಮದುವೆ ಮನೆ ಊಟ ರೀ. ಯಾರು ಬೇಕಾದ್ರೂ ಬಂದು ಉಂಡು ಹೋಗ್ತಾರೆ. ಬಾಣಂತನಕ್ಕೆ ತವರುಮನೆಗೇ ಬರಬೇಕು” ಎಂದರು ಸಿಯಾಟಲ್‌ವರೆಗೂ ತವರು ಹೊತ್ತು ಹೋಗಿದ್ದ ಆ ತಾಯಿ.

ಮರುದಿನವೇ ಕರಿಬೇವಿನ ಸುತ್ತ ಹಗ್ಗ ಕಟ್ಟಿತು. ‘ಎಲೆ ಕೀಳಬಾರದು’ ಎಂಬ ಬೋರ್ಡು ಬಂತು. ಬೇವಿನೆಣ್ಣೆ ದೇವರ ದೀಪಕ್ಕೂ ಬೇಡವೆಂದು ಮನೆಯಿಂದಾಚೆ ಹೋಯಿತು. ಅಡುಗೆಮನೆಯಲ್ಲಿ ಒಗ್ಗರಣೆ ಬರೀ ಸಾಸಿವೆಗೆ ಇಳಿಯಿತು. ನಾಲ್ಕನೇ ದಿನ ಹೆಂಡತಿ ಚೀಲ ಕೊಟ್ಟು ರಾಯರನ್ನು ಸೊಪ್ಪಿನಮ್ಮನ ಗಾಡಿಗೆ ಕಳಿಸಿದರು.

“ಕರಿಬೇವಾ? ನಿಮ್ಮ ಹಿತ್ಲಲ್ಲೇ ಮರದಂಗೆ ಐತಲ್ಲ ಸ್ವಾಮಿ?”

“ಅದರಲ್ಲಿ ಬಾಣಂತಿಯರಿದ್ದಾರೆ ಕಣಮ್ಮ” ಎಂದರು ರಾಯರು, ಗಂಭೀರವಾಗಿ.

ಸೊಪ್ಪಿನಮ್ಮ ಎರಡನೇ ಪ್ರಶ್ನೆ ಕೇಳಲಿಲ್ಲ. ಕರಿಬೇವನ್ನು ಕೊಸರಿಗೆ ಹಾಕಿ, ದುಡ್ಡಿಗೆ ಎರಡು ಕಟ್ಟು ಸಬ್ಬಸಿಗೆ ತೂರಿಸಿ ಕಳಿಸಿದಳು.